ಭಾವನ ಹಿತ್ತಾಳೆ ಪಾತ್ರೆ

ನಮ್ಮ ಭಾವ ಹತ್ತು ಕಡೆ ಹಾಲುಕ್ಕಿಸಿ ಗೃಹಪ್ರವೇಶ ಮಾಡಿದ್ದಾರೆ. ಅದರಲ್ಲಿ ಒಂದೂ ಅವರ ಮನೆಯಲ್ಲ!

ಎಲ್ಲವೂ ಮಗನವು. ಭಾವ ಆಬರ್ನ್ ಹಿಲ್ಸ್‌ನಲ್ಲಿ ಕಾರು ಕಂಪನಿಯ ಎಂಜಿನಿಯರು. ಮಗ, ಅಂದರೆ ನನ್ನ ಅಕ್ಕನ ಮಗ, ಬೇಸ್‌ಬಾಲ್ ಆಟಗಾರ. ಮೈದಾನದ ಆ ತುದಿಯಲ್ಲಿ ನಿಂತು ಆಕಾಶದಿಂದ ಬೀಳುವ ಚೆಂಡು ಹಿಡಿಯುವುದೇ ಉದ್ಯೋಗ. ತಂಡಗಳಿಗೆ ಅವನು ಕರಿಬೇವಿದ್ದ ಹಾಗೆ: ಒಗ್ಗರಣೆಗೆ ಬೇಕು, ಊಟಕ್ಕೆ ಕೂತಾಗ ತೆಗೆದು ಪಕ್ಕಕ್ಕಿಡಬೇಕು.

ಹನ್ನೆರಡು ವರ್ಷಕ್ಕೆ ಎಂಟು ತಂಡ, ಎಂಟೂ ಚಿಕ್ಕ ಲೀಗಿನವು. ಪ್ರತಿ ಸಲ ಹೊಸ ಊರು, ಹೊಸ ಬಾಡಿಗೆ ಮನೆ. ಭಾವ ತಮ್ಮ ಮನೆಯಿರುವ ಕ್ಯಾಂಟನ್‌ನಿಂದ ನೂರಾರು ಮೈಲಿ ಡ್ರೈವ್ ಮಾಡಿ, ತಮ್ಮ ಅಮ್ಮನ ಹಿತ್ತಾಳೆ ಪಾತ್ರೆಗೆ ಸೀಟ್ ಬೆಲ್ಟ್ ಕಟ್ಟಿ ಕೂರಿಸಿಕೊಂಡು ಹಾಜರ್! ಹಾಲುಕ್ಕುತ್ತಿತ್ತು, ಹೊಗೆಯ ಅಲಾರಂ ಕೂಗುತ್ತಿತ್ತು, ಭಾವ ಕೈಮುಗಿಯುತ್ತಿದ್ದರು. ಆಮೇಲೆ ಪಾತ್ರೆ ತೊಳೆದು ಟವೆಲಿನಲ್ಲಿ ಸುತ್ತಿ ವಾಪಸ್.

"ಇಲ್ಲೇ ಬಿಟ್ಟು ಬನ್ರೀ, ಹುಡುಗನ ಕಾಫಿಗಾಗತ್ತೆ," ಅಂದಳು ಅಕ್ಕ ಒಮ್ಮೆ.

"ಪಾತ್ರೆ ಬಿಟ್ರೆ ಅವ್ನೂ ಇಲ್ಲೇ ನಿಂತ್ಬಿಡ್ತಾನೆ ಕಣೇ. ಅವ್ನು ದೊಡ್ಡ ಲೀಗಿಗೆ ಹೋಗ್ಬೇಕು."

ಹೋದ! ಒಂದು ಏಪ್ರಿಲ್‌ನಲ್ಲಿ ಶಿಕಾಗೋದ ದೊಡ್ಡ ತಂಡದಲ್ಲಿ ಯಾರಿಗೋ ಮಂಡಿ ನೋವು. ನಮ್ಮವನಿಗೆ ಕರೆ ಬಂತು. ಶಿಕಾಗೋ ಪಕ್ಕದ ಇಟಾಸ್ಕಾದಲ್ಲಿ, ನಮ್ಮ ಮನೆ ಹತ್ತಿರದ ಹೋಟೆಲಿನಲ್ಲಿ ಇಳಿದ. ಹೋಟೆಲ್ ರೂಮಿಗೂ ಗೃಹಪ್ರವೇಶ ಉಂಟೆ? ಭಾವನಿಗೆ ಉಂಟು. ಕರೆಂಟಿನ ಒಲೆ ಹೊತ್ತು ತಂದರು. ಅಲಾರಂ ಕೂಗಿ, ಐದೇ ನಿಮಿಷದಲ್ಲಿ ಇಡೀ ಹೋಟೆಲು ಪಾರ್ಕಿಂಗ್ ಲಾಟಿನಲ್ಲಿ ನಡುಗುತ್ತ ನಿಂತಿತ್ತು. ಬೆಂಕಿ ಆರಿಸಲು ಬಂದವನ ಕೈಗೆ ಭಾವ ಒಂದು ಲೋಟ ಬಿಸಿ ಹಾಲಿಟ್ಟರು. ಆ ಚಳಿಗೆ ಅವನು ಕುಡಿದೂ ಬಿಟ್ಟ!

ಮರುದಿನ ಕ್ರೀಡಾಂಗಣದಲ್ಲಿ ಚೆಂಡು ಮಗನತ್ತ ಹಾರಿದ್ದೇ ತಡ, ಭಾವ ಕಣ್ಣು ಮುಚ್ಚಿ, ಸೂರ್ಯನನ್ನೇ ಹಿಡಿಯಹೊರಟ ಹನುಮಂತನನ್ನು ನೆನೆದರು. ಜನ ಎದ್ದು ಕೂಗಿದರು.

"ಹಿಡಿದ್ನೇನೋ?"

"ಹಿಡಿದ ಭಾವ, ಇನ್ನು ಕಣ್ಣು ಬಿಡಿ."

ಒಂಬತ್ತು ದಿನ. ಮಂಡಿಯವನು ಚೇತರಿಸಿಕೊಂಡ, ನಮ್ಮವನು ಚಿಕ್ಕ ಲೀಗಿಗೆ ಮರಳಿದ. ಅಷ್ಟು ಬೇಗ ವಾಸಿಯಾದ ಆ ಮಂಡಿಯನ್ನು ಭಾವ ಇವತ್ತಿಗೂ ಕ್ಷಮಿಸಿಲ್ಲ.

ಕಳೆದ ಚಳಿಗಾಲದಲ್ಲಿ ಯಾವ ತಂಡದಿಂದಲೂ ಫೋನು ಬರಲಿಲ್ಲ. ಹುಡುಗ ಕ್ಯಾಂಟನ್‌ನಲ್ಲೇ ಮಕ್ಕಳಿಗೆ ಆಟ ಕಲಿಸುವ ಕೆಲಸ ಹಿಡಿದು, ಅಪ್ಪನ ಮನೆಯಿಂದ ಹೆದ್ದಾರಿಯಲ್ಲಿ ಎರಡೇ ಎಕ್ಸಿಟ್ ಆಚೆ ಪುಟ್ಟ ಮನೆ ಕೊಂಡ. ಭಾವ ಬಂದರು. ಹಾಲುಕ್ಕಿತು, ಅಲಾರಂ ಕೂಗಿತು.

ಹೊರಡುವಾಗ ಮಗನೇ ಪಾತ್ರೆ ತೊಳೆದು, ಟವೆಲಿನಲ್ಲಿ ಸುತ್ತಿ, ಬಾಗಿಲಿಗೆ ತಂದ. "ಡ್ಯಾಡ್, ಯು ಫರ್ಗಾಟ್ ದಿಸ್."

ಭಾವ ಟವೆಲು ಬಿಚ್ಚಿದರು. ಒಳಗೆ ಹೋಗಿ ಪಾತ್ರೆಯನ್ನು ಒಲೆಯ ಪಕ್ಕ ಇಟ್ಟರು.

"ಇಲ್ಲೇ ಇರ್ಲಿ ಬಿಡಪ್ಪ," ಎಂದು, ಬರೀ ಟವೆಲನ್ನು ಹೆಗಲ ಮೇಲೆ ಹಾಕಿಕೊಂಡು ಕಾರಿನತ್ತ ನಡೆದರು.