ಹಕೋನೆಗೆ ಸುಮ್ಮನೆ ಕೂರಲು ಹೋದದ್ದು

ಸುಸ್ತಾಗಿದೆ ಎಂದು ನಾನು ಬಾಯಿಬಿಟ್ಟು ಹೇಳಿದಾಗಲೆಲ್ಲ ಯಾರಾದರೊಬ್ಬರು ನನಗೆ ಹೊಸ ಕೆಲಸ ಹಚ್ಚುತ್ತಾರೆ. ನೈರೋಬಿಯ ಲಂಗಾಟಾದಲ್ಲಿ, ನ್ಯಾಷನಲ್ ಪಾರ್ಕಿನ ಪಕ್ಕ ಮನೆ ಮಾಡಿದ್ದೇ ತಪ್ಪಾಯಿತು. ಮೈಸೂರಿನ ನೆಂಟರು, ನೆಂಟರ ನೆಂಟರು, ಅವರ ವಾಕಿಂಗ್ ಗೆಳೆಯರು, ಎಲ್ಲರಿಗೂ ಸಿಂಹ ನೋಡಬೇಕು, ಆಮೇಲೆ ನಮ್ಮ ಮನೆಯಲ್ಲಿ ಬಿಸಿ ಬಿಸಿ ಸಾರು ಅನ್ನ ಉಣ್ಣಬೇಕು. ಶನಿವಾರ ಭಾನುವಾರ ಎಂದರೆ ನನ್ನ ಪಾಲಿಗೆ ಏರ್‌ಪೋರ್ಟು, ಪಾರ್ಕು, ಒಗ್ಗರಣೆ. ಇಷ್ಟು ಹೊತ್ತಿಗೆ ಸಿಂಹಕ್ಕೂ ನನ್ನ ಗುರುತು ಸಿಕ್ಕಿರಬೇಕು.

ಈ ಸಲ ಯಜಮಾನರ ಆಫೀಸಿನ ಮೀಟಿಂಗು ಟೋಕಿಯೋದಲ್ಲಿ ಬಿತ್ತು. ಅದು ಮುಗಿದ ಮೇಲೆ ಹಕೋನೆ ಎಂಬ ಬೆಟ್ಟದೂರಿಗೆ ಎರಡು ದಿನ ಹೋಗಲೇಬೇಕೆಂದು ಹಟ ಹಿಡಿದವಳು ನಾನೇ. ಹೋಟೆಲಿನ ಫೋಟೋದಲ್ಲಿ ಒಂದು ಬಿಸಿನೀರಿನ ಕೊಳ, ಸುತ್ತ ಮರಗಳು, ಕುತ್ತಿಗೆಯವರೆಗೆ ಮುಳುಗಿ ಕಣ್ಣು ಮುಚ್ಚಿ ಕುಳಿತ ಒಬ್ಬ ಹೆಂಗಸು. ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ನನಗೆ ಬೇಕಾದದ್ದು ಅಷ್ಟೇ. ಜೊತೆಗೆ ಹೊರಟವರು ನಮ್ಮ ಅತ್ತೆ, ಮತ್ತು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ನೈರೋಬಿಯಲ್ಲೇ ಬೆಳೆದ ಮಗಳು.

ಕಾವಲು

ನಾವು ತಲುಪಿದಾಗ ರೂಮು ಇನ್ನೂ ಸಿದ್ಧವಾಗಿರಲಿಲ್ಲ. ಪೆಟ್ಟಿಗೆಗಳನ್ನು ಬಾಗಿಲ ಬಳಿ ಇಟ್ಟು ಊರು ಸುತ್ತಿ ಬನ್ನಿ ಎಂದರು ಹೋಟೆಲಿನವರು. ಯಜಮಾನರು ಸುತ್ತ ನೋಡಿದರು. ಗೇಟಿಲ್ಲ, ಬೀಗವಿಲ್ಲ, ನಮ್ಮ ಮನೆ ಮುಂದಿರುವಂಥ ಅಸ್ಕಾರಿ, ಅಂದರೆ ಕಾವಲಿನವನೂ ಇಲ್ಲ.

"ನೀವು ಹೋಗ್ಬನ್ನಿ. ನಾನು ಲಗೇಜ್ ನೋಡ್ಕೊಳ್ತೀನಿ" ಎಂದರು.

"ರೀ, ಇದು ಜಪಾನು."

"ಆದ್ರೇನು? ಕಳ್ಳರಿಗೆ ವೀಸಾ ಸಿಗಲ್ವಾ?"

ಅತ್ತೆಯನ್ನೂ ಮಗಳನ್ನೂ ಕರೆದುಕೊಂಡು ಕೆರೆ ಕಡೆಗೆ ನಾನೊಬ್ಬಳೇ ಹೋಗಬೇಕಾಯಿತು. ಪೆಟ್ಟಿಗೆಗಳ ನಡುವೆ ಕುಳಿತವರನ್ನು ನೋಡಿ, ಪಾಪ ಮೈ ಸರಿಯಿಲ್ಲವೇನೋ ಎಂದುಕೊಂಡು ಹೋಟೆಲಿನವರು ಟೀ ಕೊಟ್ಟರಂತೆ. ಆಮೇಲೆ ಒಂದು ದಿಂಬು, ಅದಾದ ಮೇಲೆ ಒಂದು ಕಂಬಳಿ. ನಾವು ಕಾಲು ಎಳೆದುಕೊಂಡು ವಾಪಸಾದಾಗ ಯಜಮಾನರು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಪೆಟ್ಟಿಗೆಗಳು ಆಗಲೇ ರೂಮು ಸೇರಿದ್ದವು. ಎಬ್ಬಿಸಿದರೆ ಗಾಬರಿಯಿಂದ ಕಂಬಳಿಯನ್ನೇ ಗಟ್ಟಿಯಾಗಿ ಹಿಡಿದುಕೊಂಡು, "ಇದೊಂದು ಉಳಿದಿದೆ!" ಎಂದರು.

ಬೆನ್ನು

ಸಂಜೆ ಕೊಳದ ಕಡೆ ಹೊರಟೆ. ಅತ್ತೆಯೂ ಬಂದರು. ಮೈಮೇಲೆ ಒಂದು ನೂಲೂ ಇರಬಾರದು ಎಂಬುದು ಅಲ್ಲಿನ ನಿಯಮ. ನಾನು ನಾಚಿ ಮುದುಡಿದೆ. ಅತ್ತೆ, "ಬರೀ ಹೆಂಗಸ್ರು ತಾನೆ? ನಿಂದೇನೇ ಹೊಸ ಸೋಗು?" ಎಂದು ಸೀರೆ ಮಡಚಿಟ್ಟು ಒಳಗೆ ನಡೆದೇ ಬಿಟ್ಟರು.

ಕೊಳಕ್ಕೆ ಇಳಿಯುವ ಮುಂಚೆ ಚೆನ್ನಾಗಿ ಮೈ ತೊಳೆದುಕೊಳ್ಳಬೇಕು. ಅದಕ್ಕೆಂದು ಒಂದು ಕಡೆ ಸಾಲಾಗಿ ಪುಟ್ಟ ಮಣೆ, ನಲ್ಲಿ, ತಂಬಿಗೆಯಷ್ಟು ಪಾತ್ರೆ. ಅತ್ತೆಯ ಮುಖ ಅರಳಿತು. "ನಮ್ಮ ಬಚ್ಚಲುಮನೆ ಇದ್ದಂಗೇ ಇದೆ ಕಣೇ!" ಎಂದವರೇ ಮಣೆಯ ಮೇಲೆ ಕುಳಿತು ನನಗೆ ಬೆನ್ನು ತಿರುಗಿಸಿದರು. "ಸ್ವಲ್ಪ ಉಜ್ಜು."

ಉಜ್ಜಿದೆ. ಪಕ್ಕದ ಮಣೆಯಲ್ಲಿದ್ದ ಜಪಾನಿ ಅಜ್ಜಿ ಮೆಚ್ಚಿ ನೋಡುತ್ತಿದ್ದರು. ಏನೋ ಮೃದುವಾಗಿ ಅಂದು, ನಕ್ಕು, ಅವರೂ ಬೆನ್ನು ತಿರುಗಿಸಿದರು. ಇಲ್ಲ ಎನ್ನಲು ಅವರ ಭಾಷೆ ಬರಬೇಕಲ್ಲ? ಉಜ್ಜಿದೆ. ಅತ್ತೆ ಹೆಮ್ಮೆಯಿಂದ ನನ್ನ ಕಡೆ ಕೈ ತೋರಿಸಿ ಅವರಿಗೆ "ಸೊಸೆ, ಸೊಸೆ" ಎಂದರು. ಅಜ್ಜಿ ತಲೆದೂಗಿ, ಅವರಾಚೆ ಕುಳಿತಿದ್ದ ತಮ್ಮ ಗೆಳತಿಯನ್ನೂ ಕರೆದರು.

ಮೂರನೇ ಬೆನ್ನು ಮುಗಿಯುವ ಹೊತ್ತಿಗೆ ಕೊಳಕ್ಕೆ ಇಳಿದು ಕುಳಿತಿದ್ದ ಅತ್ತೆಗೆ ಬಿಸಿಗೆ ತಲೆ ಸುತ್ತಿತು. ಕೈ ಹಿಡಿದು ರೂಮಿಗೆ ಕರೆತಂದೆ. ನನ್ನ ಬೆರಳ ತುದಿಯಷ್ಟೇ ಆ ನೀರಿನಲ್ಲಿ ಅದ್ದಿದ್ದು, ಅದೂ ಅತ್ತೆಯನ್ನು ಎಬ್ಬಿಸುವಾಗ.

ಕಪ್ಪು ಮೊಟ್ಟೆ

ಬೆಳಿಗ್ಗೆಯಾದರೂ ಕೊಳ ಸಿಕ್ಕೀತು ಎಂದುಕೊಂಡಿದ್ದೆ. ಆದರೆ ಮಗಳಿಗೆ ಹೊಗೆಯಾಡುವ ಬೆಟ್ಟ ನೋಡಬೇಕಿತ್ತು. ಅಲ್ಲಿ ಗಂಧಕದ ನೀರಿನಲ್ಲಿ ಬೇಯಿಸಿದ ಕಪ್ಪು ಮೊಟ್ಟೆ ಮಾರುತ್ತಾರೆ. ಒಂದು ತಿಂದರೆ ಏಳು ವರ್ಷ ಆಯಸ್ಸು ಹೆಚ್ಚುತ್ತದಂತೆ. ಹುಟ್ಟಿದಾರಭ್ಯ ಮೊಟ್ಟೆ ಮುಟ್ಟದ ಅತ್ತೆ ತುಂಬಾ ಹೊತ್ತು ಯೋಚಿಸಿ, "ಔಷಧಿ ಅಂದ್ಕೊಂಡ್ರೆ ಮಡಿ ಕೆಡಲ್ಲ" ಎಂದು ತೀರ್ಪು ಕೊಟ್ಟು ಕಣ್ಣು ಮುಚ್ಚಿ ನುಂಗಿದರು. ಯಜಮಾನರು ನನಗೂ ಒಂದು ಸುಲಿದುಕೊಟ್ಟರು.

ಅಂದರೆ ಇನ್ನೂ ಏಳು ವರ್ಷ ಶನಿವಾರ, ಭಾನುವಾರ. ಮೊಟ್ಟೆಯನ್ನು ಅವರಿಗೇ ವಾಪಸು ಕೊಟ್ಟೆ.

ಮನೆಗೆ ಬನ್ನಿ

ಹೊರಡುವಾಗ ಹೋಟೆಲಿನ ಒಡತಿ ಬಾಗಿಲಿಗೆ ಬಂದರು. ಅತ್ತೆಗಿಂತ ಹಿರಿಯರು. ಸೊಂಟ ಬಗ್ಗಿಸಿ ನಮಸ್ಕರಿಸಿದರು. ಅತ್ತೆ ಹೌಹಾರಿದರು. "ಅಯ್ಯೋ, ದೊಡ್ಡೋರು ನಮಗೆ ಬಗ್ಗಬಾರ್ದು! ನಮ್ಮ ಆಯಸ್ಸು ಕಮ್ಮಿಯಾಗುತ್ತೆ!" ಎಂದು ಇನ್ನಷ್ಟು ಬಗ್ಗಿದರು. ಗಿರಾಕಿ ತಮಗಿಂತ ಹೆಚ್ಚು ಬಗ್ಗಿದರೆ ಒಡತಿಯ ಮರ್ಯಾದೆ ಏನಾಗಬೇಕು? ಅವರು ಮತ್ತೂ ಬಗ್ಗಿದರು. ಕೊನೆಗೆ ಅತ್ತೆ ಅವರ ಕಾಲಿಗೇ ಬಿದ್ದರು. ಒಡತಿಯೂ ನೆಲಕ್ಕೆ ಕುಸಿದು ಹಣೆ ಊರಿದರು. ಇಬ್ಬರನ್ನೂ ಎಬ್ಬಿಸಿ ನಿಲ್ಲಿಸಿದವಳು ನಾನು.

ಸುಧಾರಿಸಿಕೊಂಡ ಅತ್ತೆ, ಲಂಗಾಟಾದ ತರಕಾರಿಯವಳಿಂದ ಹಿಡಿದು ವಿಮಾನದಲ್ಲಿ ಪಕ್ಕ ಕುಳಿತವರವರೆಗೆ ಎಲ್ಲರಿಗೂ ಹೇಳುವ ಮಾತನ್ನು ಇಲ್ಲೂ ಹೇಳಿದರು. "ಒಂದ್ಸಲ ನಮ್ಮನೆಗೆ ಬನ್ನಿ. ನಮ್ಮಲ್ಲೇ ಉಳ್ಕೊಳ್ಳಿ. ಸೊಸೆ ಎಲ್ಲಾ ತೋರಿಸ್ತಾಳೆ."

ಇಂಥ ಮಾತಿಗೆ ನಮ್ಮಲ್ಲಾದರೆ ಎಲ್ಲರೂ "ಖಂಡಿತಾ" ಎಂದು ಹೇಳಿ ಮರೆಯುತ್ತಾರೆ. ಆದರೆ ಮಗಳು ಅತ್ತೆಯ ಮಾತನ್ನು ಫೋನಿನಲ್ಲಿ ಅಚ್ಚುಕಟ್ಟಾಗಿ ಜಪಾನಿಗೆ ತಿರುಗಿಸಿ ಕೇಳಿಸಿಬಿಟ್ಟಳು. ಒಡತಿಯ ಕಣ್ಣಲ್ಲಿ ನೀರು ಬಂತು. ಒಳಗೆ ಓಡಿಹೋಗಿ ಕ್ಯಾಲೆಂಡರ್ ತಂದರು.

"ಮಮ್ಮಿ, ಶಿ ಈಸ್ ಆಸ್ಕಿಂಗ್ ವಿಚ್ ವೀಕೆಂಡ್" ಎಂದಳು ಮಗಳು. "ಅವರ ತಂಗೀನೂ ಬರಬಹುದಾ ಅಂತೆ."

"ಅದಕ್ಕೇನು, ಧಾರಾಳವಾಗಿ!" ಎಂದರು ಅತ್ತೆ.

ನಾನು ಮಗಳ ಕಿವಿಯಲ್ಲಿ, "ಅಜ್ಜಿ ಸುಮ್ನೆ ಮಾತಿಗೆ ಹೇಳಿದ್ದು ಅಂತ ನಯವಾಗಿ ಹೇಳೇ" ಎಂದೆ. ಅಷ್ಟರಲ್ಲಿ ಒಡತಿ ನನ್ನ ಎರಡೂ ಕೈ ಹಿಡಿದುಕೊಂಡು ಏನೋ ಹೇಳತೊಡಗಿದರು. ಮಗಳು ಫೋನು ನೋಡಿದಳು, ನನ್ನ ಮುಖ ನೋಡಿದಳು.

"ಶಿ ಸೇಸ್, ಲೈಫ್ ಪೂರ್ತಿ ಗೆಸ್ಟ್ಸ್ ನೋಡ್ಕೊಂಡು ನೋಡ್ಕೊಂಡು ಶಿ ಈಸ್ ವೆರಿ ಟೈರ್ಡ್. ಒಂದೇ ಒಂದು ವೀಕೆಂಡ್, ಯಾರೂ ಕರೀದೇ ಇರೋ ಕಡೆ, ಸುಮ್ನೆ ಕೂತ್ಕೋಬೇಕಂತೆ."

ಆ ಕೈಗಳನ್ನು ನೋಡಿದೆ. ನನ್ನ ಕೈಗಳ ಹಾಗೇ ಒರಟಾಗಿದ್ದವು. ನನಗೆ ಅಳು ಬಂತು, ಸಿಟ್ಟೂ ಬಂತು.

"ಯಾವ ಫ್ಲೈಟಿಗೆ ಬರ್ತಾರೆ ಕೇಳು" ಎಂದೆ. "ಏರ್‌ಪೋರ್ಟಿಗೆ ಹೋಗೋದು ಹೆಂಗೂ ನಾನೇ ತಾನೆ."