ಅಮಾವಾಸ್ಯೆ ಗೊತ್ತಿಲ್ಲದ ಕೈಪಟ್ಟಿ

ಅಮಾವಾಸ್ಯೆಯಂದು ಮಗ್ಗ ಮುಟ್ಟಬಾರದೆಂಬುದು ನೆಗಮಂ ಊರಿನ ನೇಕಾರರ ಬೀದಿಯ ಮಕ್ಕಳಿಗೂ ಗೊತ್ತಿತ್ತು. ತಿರುಮೂರ್ತಿಯ ಕೈಗೆ ಕಟ್ಟಿದ್ದ ಪಟ್ಟಿಗೆ ಮಾತ್ರ ಗೊತ್ತಿರಲಿಲ್ಲ.

ಕೊಯಮತ್ತೂರಿನ ಸೀರೆ ಕಂಪನಿಯೊಂದು ಹೋದ ತಿಂಗಳು ಬೀದಿಯ ನೇಕಾರರಿಗೆಲ್ಲ ಅದನ್ನು ಕಟ್ಟಿತ್ತು. ಕೈ ಆಡಿದ್ದನ್ನೂ ಎದೆ ಬಡಿದದ್ದನ್ನೂ ಅದು ಆಫೀಸಿಗೆ ಚಾಡಿ ಹೇಳುತ್ತಿತ್ತು. ಡಬ್ಬಿಯ ಮೇಲೆ 'ನಿಮ್ಮ ನೆಮ್ಮದಿಗಾಗಿ' ಎಂದು ಬರೆದಿತ್ತು. ಜ್ವರ ಬಂದು ಮಲಗಿದ ಪಕ್ಕದ ಮನೆಯ ಪೆರಿಯಸಾಮಿಗೆ ಸಿಕ್ಕ ನೆಮ್ಮದಿಯೆಂದರೆ, ಮುಂದಿನ ಸೀರೆಯ ನೂಲು ಬೇರೆ ಬೀದಿಗೆ ಹೋದದ್ದು. ಈಗ ಅವನು ಆಡು ಮೇಯಿಸುತ್ತಿದ್ದ.

ಅಮಾವಾಸ್ಯೆಗೆ ರಜೆ ಬೇಕೆಂದು ಬೀದಿಯವರು ಒಟ್ಟಾಗಿ ಕೇಳಿದ್ದರು. ಈ ಅಮಾವಾಸ್ಯೆಗೆ ಪಟ್ಟಿ ಏನು ಹೇಳುತ್ತದೋ ನೋಡಿ ತೀರ್ಮಾನಿಸುತ್ತೇವೆ ಎಂದಿತ್ತು ಆಫೀಸು. ಯಾರೂ ನೇಯದಿದ್ದರೆ ರಜೆ ಸಿಕ್ಕೀತೆಂದು ಇವತ್ತು ಎಲ್ಲರೂ ಪಟ್ಟಿ ಬಿಚ್ಚಿ ಗೂಡಿನಲ್ಲಿಟ್ಟಿದ್ದರು. ತಿರುಮೂರ್ತಿಗೆ ಮಾತ್ರ ಧೈರ್ಯ ಸಾಲಲಿಲ್ಲ. ತೊಟ್ಟಿಲಲ್ಲಿ ಹಾಲುಗೂಸು ಇಲಕ್ಕಿಯಾ ಇದ್ದಳು. ನೂಲು ನಿಂತರೆ ಒಲೆಯೂ ನಿಲ್ಲುತ್ತದೆ. ಪಟ್ಟಿಯನ್ನು ಅಂಗಿಯ ತೋಳೊಳಗೆ ಅಡಗಿಸಿಕೊಂಡ.

ಕಾಫಿ ಮುಗಿಯುವ ಮೊದಲೇ ಪಟ್ಟಿ ಜುಂಯ್ ಎಂದಿತು. ಕೈ ಯಾಕೆ ಸುಮ್ಮನಿದೆ ಎಂದು ಮೊಬೈಲು ತಮಿಳಿನಲ್ಲಿ ಕೇಳಿತು. ಅವನು ಮಗ್ಗದ ಗುಂಡಿಗೆ ಕಾಲಿಳಿಸುವಷ್ಟರಲ್ಲಿ ತಾಯಿ ಕನ್ನಿಯಮ್ಮಾಳ್ ಲಾಳಿ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಅಮಾಸೆ ದಿನ ಇಳೀತೀಯಾ? ನಿಮ್ಮಪ್ಪ ಇದ್ದಿದ್ರೆ ಕಾಲು ಮುರೀತಿದ್ರು."

"ಅಮ್ಮಾ, ಇದು ಸುಮ್ನಿದ್ರೆ ನೂಲು ಕೊಡಲ್ಲ."

"ಹಾಗಿದ್ರೆ ಅದೇ ನೇಯ್ಲಿ, ನೀ ಕೂತ್ಕೊ!"

ಗೋಡೆಯಾಚೆಯಿಂದ ಪೆರಿಯಸಾಮಿ ಬಂದ. "ನನ್ನ ಗತಿ ನಿನಗೆ ಬೇಡ, ಮೂರ್ತಿ. ಕೊಡಿಲ್ಲಿ," ಎಂದು ಪಟ್ಟಿಯನ್ನು ತನ್ನ ಆಡಿನ ಮುಂಗಾಲಿಗೆ ಕಟ್ಟಿದ. "ಇವಳು ಒಂದು ಕಡೆ ನಿಲ್ಲೋಳೇ ಅಲ್ಲ."

ಕಾಲಿಗೆ ಪಟ್ಟಿ ಬಿದ್ದದ್ದೇ ತಡ, ಆಡು ಪೆನ್ಶನ್ ಬಂದವರಂತೆ ಮಲಗಿ ಮೆಲುಕು ಹಾಕತೊಡಗಿತು. ಪೆರಿಯಸಾಮಿ ಬಾಲ ತಿರುಚಿದ. ಅದು ಚಂಗನೆ ಹಾರಿ, ತಿರುಮೂರ್ತಿಯ ಹೆಂಡತಿ ಧರಣಿ ಹಿರಿಯರ ಎಡೆಗೆಂದು ರುಬ್ಬಿದ್ದ ವಡೆಹಿಟ್ಟು ಉರುಳಿಸಿ, ಬೀದಿನಾಯಿಯನ್ನು ತುಳಿದು ಓಡಿತು. ಆಡಿನ ಹಿಂದೆ ನಾಯಿ, ನಾಯಿಯ ಹಿಂದೆ ತಿರುಮೂರ್ತಿ, ಅವನ ಹಿಂದೆ ಸೌಟು ಹಿಡಿದ ಧರಣಿ.

"ನಿಮಗೆ ಆತಂಕ ಹೆಚ್ಚಾಗಿದೆ, ನಿಧಾನವಾಗಿ ಉಸಿರಾಡಿ," ಎಂದಿತು ಜೇಬಿನ ಮೊಬೈಲು. ಅಷ್ಟರಲ್ಲಿ ಆಫೀಸಿನಲ್ಲಿ ಪಟ್ಟಿಗಳ ಲೆಕ್ಕ ನೋಡುವ ತೆನ್ಮೊಳಿಯ ಫೋನು: "ಒಡಂಬು ಸರಿಯಿಲ್ಲೆಯಾ, ಅಣ್ಣಾ? ಮೈ ಹುಷಾರಿಲ್ವಾ?"

"ಚೆನ್ನಾಗಿದೀನಮ್ಮಾ," ಎಂದು ತಿರುಮೂರ್ತಿ ಏದುಸಿರಿನಲ್ಲಿ ಆಡಿನ ಕಿವಿ ಹಿಡಿದ. ಆಡು "ಮ್ಯಾ" ಎಂದಿತು.

"ಏನದು?"

"ಕೆಮ್ಮು."

ಗದ್ದಲಕ್ಕೆ ಮಗು ಎದ್ದು ಅಳುತ್ತಿತ್ತು. ಕನ್ನಿಯಮ್ಮಾಳ್ ಮಗನ ಬೆವರಿದ ಮುಖ ನೋಡಿದಳು. "ಇಲ್ಲಿ ಕೊಡು, ನನ್ನ ಕಣ್ಣೇ," ಎಂದು ಆಡಿನ ಕಾಲಿಂದ ಪಟ್ಟಿ ಬಿಚ್ಚಿಸಿ ತನ್ನ ಕೈಗೇ ಕಟ್ಟಿಕೊಂಡು ತೊಟ್ಟಿಲ ಹಗ್ಗ ಹಿಡಿದಳು. ಕೈ ಲಾಳಿ ಎಸೆದಂತೆ ಹೋಗಿ ಬಂತು, ಹೋಗಿ ಬಂತು. ಮುದುಕಿ ಏನೋ ಗುನುಗಿದಳು. ಪಟ್ಟಿ ಸುಮ್ಮನಾಯಿತು, ಮಗುವೂ ಸುಮ್ಮನಾಯಿತು. ತಿಂಗಳಿಂದ ಸರಿಯಾಗಿ ಕಣ್ಣು ಮುಚ್ಚದ ತಿರುಮೂರ್ತಿ ತಾಯಿಯ ಮಂಡಿಗೊರಗಿ ಗೊರಕೆ ಹೊಡೆದ. ಅವನು ಏಳುವವರೆಗೂ ಅವಳು ಹಗ್ಗ ಬಿಡಲಿಲ್ಲ.

ಸಂಜೆ ಬೀದಿಯ ಮೊಬೈಲುಗಳೆಲ್ಲ ಒಟ್ಟಿಗೆ ಕೂಗಿದವು.

'ತಿರುಮೂರ್ತಿಯವರು ಅಮಾವಾಸ್ಯೆಯಂದೂ ಎಡೆಬಿಡದೆ ನೇಯ್ದಿದ್ದಾರೆ. ಬೆಳಗ್ಗೆ ಅವರಿಗಿದ್ದ ವಿಪರೀತ ಆತಂಕ ನೇಯುತ್ತಾ ಹೋದಂತೆ ಇಳಿದು, ಹಿಂದೆಂದೂ ಕಾಣದ ನೆಮ್ಮದಿ ದೊರೆತಿದೆ. ಆದ್ದರಿಂದ ನೇಕಾರರ ಆರೋಗ್ಯ ಕಾಪಾಡಲು ಇನ್ನು ಅಮಾವಾಸ್ಯೆಗೆ ರಜೆ ಇರುವುದಿಲ್ಲ.'

ಬೀದಿಯೆಲ್ಲ ಬಂದು ಬಾಗಿಲಲ್ಲಿ ನಿಂತಿತು. "ನನ್ನ ಆಡಿನ ಹೆಸರೇ ಹಾಕಿಲ್ಲ," ಎಂದ ಪೆರಿಯಸಾಮಿ ಮೆಲ್ಲಗೆ.

"ಅದು ಮಗು ಕೊಟ್ಟ ನೆಮ್ಮದಿ, ಮಗ್ಗದ್ದಲ್ಲ!" ಎಂದು ಕನ್ನಿಯಮ್ಮಾಳ್ ಮೊಬೈಲಿಗೇ ಕೂಗಿ ಹೇಳಿದಳು. ಪಟ್ಟಿ ಬಿಚ್ಚಿ ಮಗನ ಕೈಗಿತ್ತಳು. "ನಡಿ, ನಾಳೆ ಬೀದಿಯವರ ಜೊತೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳು."

"ಹೇಳ್ತೀನಮ್ಮಾ," ಎಂದ ತಿರುಮೂರ್ತಿ. ಅಂದರೂ ಕೈ ಅಭ್ಯಾಸಬಲದಿಂದ ಪಟ್ಟಿ ಕಟ್ಟಿಕೊಂಡೇಬಿಟ್ಟಿತು. ಎದೆ ಡವಡವ ಹೊಡೆದುಕೊಂಡಿತು.

ಜುಂಯ್.

"ನಿಮಗೆ ಆತಂಕ ಹೆಚ್ಚಾಗಿದೆ," ಎಂದಿತು ಮೊಬೈಲು ಅಕ್ಕರೆಯಿಂದ. "ಕೂಡಲೇ ಮಗ್ಗಕ್ಕೆ ಇಳಿಯಿರಿ."