ಕ್ಯಾನಿಗೆ ಪೆಟ್ರೋಲ್ ಇಲ್ಲ!

ಸೋಲೂರು ಹೋಬಳಿಯಲ್ಲಿ ನಮ್ಮ ಸೋದರಮಾವನಷ್ಟು ಕಾನೂನಿಗೆ ತಲೆಬಾಗುವ ಮನುಷ್ಯ ಇನ್ನೊಬ್ಬನಿಲ್ಲ ಎಂದು ಜನ ಹೇಳುತ್ತಾರೆ. ಶುದ್ಧ ಸುಳ್ಳು! ಹೆಲ್ಮೆಟ್ಟನ್ನು ಕೋಳಿ ಕಾವಿಗೆ ಬಿಟ್ಟುಕೊಟ್ಟವರು ಕಾನೂನುಭಕ್ತರು ಹೇಗಾದಾರು?

ಆದರೂ ಒಂದು ಆದೇಶವನ್ನು ಮಾತ್ರ ಮಾವ ಎದೆಗವಚಿಕೊಂಡರು. ಬಂಕಿನವರು ಬಾಟಲಿಗೆ, ಕ್ಯಾನಿಗೆ ಪೆಟ್ರೋಲ್ ಹಾಕುವಂತಿಲ್ಲ! ಊರವರು ಬೈಕಿನ ಟ್ಯಾಂಕ್ ತುಂಬಿಸಿ ತಂದು, ಪೈಪಿಗೆ ಬಾಯಿ ಹಚ್ಚಿ ಎಳೆದು, ಉಗುಳಿ, ಸರ್ಕಾರವನ್ನು ಬೈಯುತ್ತಿದ್ದರು. ಮಾವನೋ, ಹುಲ್ಲು ಕತ್ತರಿಸುವ ಮಷೀನನ್ನೇ ಹೆಗಲಿಗೇರಿಸಿ, ಯುದ್ಧಕ್ಕೆ ಹೊರಟವರಂತೆ ಮೊಪೆಡ್ಡಿನಲ್ಲಿ ಬಂಕಿಗೆ ಹೋಗುತ್ತಿದ್ದರು. ಅದರ ಟ್ಯಾಂಕೋ ಅಂಗೈಯಗಲ. ಅರ್ಧ ಹುಲ್ಲಿಗೇ ಖಾಲಿ. ಮತ್ತೆ ದಂಡಯಾತ್ರೆ!

"ಮಾವ, ನೀವೂ ಪೈಪ್ ಹಾಕಿ ಎಳೀರಿ."

"ಸರ್ಕಾರ ಬ್ಯಾಡ ಅಂದೈತೆ ಕಣ್ಲಾ."

"ಹೆಲ್ಮೆಟ್ ಹಾಕಿ ಅಂತಾನೂ ಅಂದೈತಲ್ಲ?"

"ಅದು ಬ್ಯಾರೆ ಸರ್ಕಾರ!"

ನಿಜವಾದ ಕಾರಣ ನನಗೆ ಗೊತ್ತಿತ್ತು. ಯಾವುದೋ ಜ್ವರ ಬಂದು ಹೋದಮೇಲೆ ಅತ್ತೆಗೆ ವಾಸನೆಯೇ ತಿಳಿಯದು. ಒಮ್ಮೆ ಅಡುಗೆಮನೆಯ ಮೂಲೆಯಲ್ಲಿ ಪೆಟ್ರೋಲ್ ಬಾಟಲಿ ಸೋರುತ್ತಿದ್ದಾಗ ಅವರು ಸೌದೆ ಒಲೆ ಹಚ್ಚಲು ಕಡ್ಡಿ ತೆಗೆದಿದ್ದರು. ಜನ್ಮದಲ್ಲಿ ಬೀಡಿ ಸೇದದ ಮಾವ, "ಬೀಡಿ ಹಚ್ಬೇಕು, ಕೊಡಿಲ್ಲಿ!" ಎಂದು ಬೆಂಕಿಪೊಟ್ಟಣ ಕಿತ್ತುಕೊಂಡು ಓಡಿದರು. ನಿನ್ನ ಮೂಗನ್ನು ನಂಬಲಾರೆ ಎಂದು ಹೆಂಡತಿಗೆ ಹೇಳುವುದುಂಟೆ? ಅಷ್ಟರಲ್ಲಿ ಈ ಆದೇಶ ಬಂತು. ಪೆಟ್ರೋಲ್ ಮನೆಯೊಳಗೆ ಬರುವುದು ನಿಂತಿತು, ಅಪವಾದ ಸರ್ಕಾರದ ತಲೆಗೆ ಹೋಯಿತು!

ಕೊನೆಗೊಂದು ದಿನ ಆದೇಶ ರದ್ದಾಯಿತು. ಊರಿಗೆ ಊರೇ ಉಸಿರಾಡಿತು. ಅಟ್ಟದ ಮೇಲಿನ ಕ್ಯಾನುಗಳೆಲ್ಲ ಕೆಳಗಿಳಿದವು. ಮಾವನ ಮುಖ ಮಾತ್ರ ಬಾಡಿತು.

"ಈಗ ಅವ್ಳಿಗೆ ಏನ್ಲಾ ಹೇಳ್ಲಿ?"

"ನಿಜ ಹೇಳಿ."

"ನಿನ್ ಕಾಲೇಜ್ ಡಿಬೇಟು ನಿನ್ನತ್ರಾನೇ ಮಡಿಕ್ಕೊ! ಸಾರು ಸೀದ್ರೂ ತಿಳಿಯಕಿಲ್ಲ ಅಂತ ಮೊದ್ಲೇ ಕುಗ್ಗೋಗವ್ಳೆ."

ಮಧ್ಯಾಹ್ನ ಮುದ್ದೆ ಮುರಿಯುತ್ತಾ ಮಾವ, ತಟ್ಟೆಯಿಂದ ತಲೆಯೆತ್ತದೆ ಘೋಷಿಸಿದರು: "ಇವ್ಳೇ, ಹೊಸ ಆರ್ಡರ್ ಬಂದೈತೆ. ಕ್ಯಾನಿಗೆ ಹಾಕುಸ್ಕೋಬೋದಂತೆ. ಆದ್ರೆ ಮನೇಲಿ ಮಡಗಂಗಿಲ್ವಂತೆ. ಹೊಲದ್ ಪಂಪ್‌ಮನೇಲೇ ಮಡಗ್ಬೇಕಂತೆ."

ಇಂಥ ಆರ್ಡರನ್ನು ಯಾವ ವಿಧಾನಸೌಧ ಹೊರಡಿಸಿತ್ತು ಎಂದು ಕೇಳಲು ನಾಲಿಗೆ ತುರಿಸಿತು. ತಡೆದುಕೊಂಡೆ.

"ಸದ್ಯ! ಸರ್ಕಾರಕ್ಕೂ ಒಸಿ ಬುದ್ಧಿ ಬಂತು. ಇನ್ನೊಂದು ಮುದ್ದೆ ಹಾಕ್ಲಾ?" ಎಂದರು ಅತ್ತೆ.

ಮಾವ ಬಿಟ್ಟ ನಿಟ್ಟುಸಿರಿಗೆ ತಟ್ಟೆಯ ಸೊಪ್ಪಿನ ಸಾರು ಅಲುಗಿತು. ನನಗೂ ಎದೆ ಹಗುರಾಯಿತು.

ಆದರೆ ವಾದ ಕಲಿತ ತಲೆ ಸುಮ್ಮನಿರುತ್ತದೆಯೇ? ದಿನಾ ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಹೋಗುವವರು ಅತ್ತೆ. ಅಲ್ಲಿ ಅಷ್ಟು ದಿನದಿಂದ ಕ್ಯಾನಿನದೇ ಮಾತು! ಮಾವ ಕೈ ತೊಳೆಯಲು ಹಿತ್ತಲಿಗೆ ಹೋದಾಗ ಮೆಲ್ಲಗೆ ಕೇಳಿದೆ:

"ಅತ್ತೆ, ನಿಮಗೆ ಎಲ್ಲಾ ಗೊತ್ತಿತ್ತು, ಅಲ್ವಾ?"

"ಬೀಡಿನೇ ಸೇದ್ದೆ ಇರೋರು ಅವತ್ತು ಬೆಂಕಿಪೊಟ್ಟಣ ಕಿತ್ಕೊಂಡು ಓಡ್ದಾಗ್ಲೇ ತಿಳೀತು ಕಣಪ್ಪ, ನಿಮ್ಮಾವಂಗೆ ಮಾತ್ರ ಹೇಳ್ಬ್ಯಾಡ!"